ಹಳೆಯ ಕಂಪ್ಯೂಟರಿನಲ್ಲಿ ನಮ್ಮ ಹೆಸರು

(ದಿಲ್ಲಿಯಲ್ಲಿ ಸಂಘದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಹೋಟೆಲು, ಗಿರಣಿಗಳಲ್ಲಿ ದುಡಿಯುವ ನಮಗೆ ಕಂಪ್ಯೂಟರಿನ ಗೊಡವೆ ಏಕೆಂದು ಕೆಲವರು ಕೇಳಿದ್ದಾರೆ. ಕೇಳಬೇಕಾದ ಮಾತೇ. ಆದರೆ ನಮ್ಮ ಹಾಜರಿ, ಸಂಬಳ, ಕೆಲಸಕ್ಕೆ ಸೇರಿದ ತಾರೀಖು ಎಲ್ಲವೂ ಅದರೊಳಗೆ ಕುಳಿತಿರುವಾಗ ನಾವು ಬೇಡವೆಂದರೂ ಅದು ನಮ್ಮನ್ನು ಬಿಟ್ಟೀತೇ? ಅಲ್ಲದೆ ಈ ಯಂತ್ರ ಗಿರಣಿಗೆ ತೀರ ದೂರದ ನೆಂಟನೂ ಅಲ್ಲ. 1989ರಲ್ಲಿ ಮುಚ್ಚಿದ ದಿಲ್ಲಿ ಕ್ಲಾತ್ ಮಿಲ್ಲಿನ ಕಂಪೆನಿಯವರೇ ಹಿಂದೆ ಕ್ಯಾಲ್ಕುಲೇಟರಿನ ವಿಭಾಗವನ್ನೂ ನಡೆಸುತ್ತಿದ್ದರು. ಅದನ್ನು ಬಿಟ್ಟು ಬಂದ ಶಿವ ನಾಡಾರ್ ಮತ್ತು ಸಂಗಡಿಗರು 1976ರಲ್ಲಿ ಎಚ್‌ಸಿಎಲ್ ಕಂಪೆನಿ ಕಟ್ಟಿದರು.

ಈಗಿನ ಕಂಪ್ಯೂಟರಿನಲ್ಲಿ ಚಿತ್ರ ಒತ್ತಿದರೆ ಕೆಲಸ ನಡೆಯುತ್ತದೆ. ಹಳೆಯದರಲ್ಲಿ ಹಾಗಲ್ಲ. ಕಪ್ಪು ಪರದೆಯ ಮೇಲೆ ‘ಸಿ:\>’ ಎಂದು ತೋರಿಸಿ ಸುಮ್ಮನೆ ಕಾಯುತ್ತದೆ, ಟೇಬಲ್ಲಿನ ಮುಂದೆ ನಿಂತ ಸಪ್ಲೈಯರನ ಹಾಗೆ. ಹೇಳಿದ್ದನ್ನು ತರುತ್ತದೆ, ಹೇಳದ್ದನ್ನು ತರುವುದಿಲ್ಲ. ಇದಕ್ಕೆ ಡಾಸ್ ಎಂದು ಹೆಸರು. 1981ರಲ್ಲಿ ಮೈಕ್ರೋಸಾಫ್ಟಿನವರ ಡಾಸ್ ಬಂದಾಗ ಕಡತಗಳೆಲ್ಲ ಒಂದೇ ಪಡಸಾಲೆಯಲ್ಲಿ ಬಿದ್ದಿರುತ್ತಿದ್ದವು. ದೊಡ್ಡ ಡಿಸ್ಕು ಬಂದ ಮೇಲೆ, 1983ರಲ್ಲಿ, ಕೋಣೆಗಳನ್ನು ಮಾಡಿದರು. ಕೋಣೆಗೆ ಡೈರೆಕ್ಟರಿ ಎನ್ನುತ್ತಾರೆ. ನಮ್ಮ ಉಗ್ರಾಣದಂತೆ ಕೋಣೆಯೊಳಗೆ ಇನ್ನೊಂದು ಕೋಣೆಯೂ ಇರಬಹುದು.

ಈಗ ಮುಖ್ಯ ವಿಷಯ. ನಾವು ನಿಂತ ಕೋಣೆಯನ್ನು ಮಾತ್ರ ಯಂತ್ರ ನೋಡುತ್ತದೆ. ಬೇಳೆಯ ಕೋಣೆಯಲ್ಲಿ ನಿಂತು ತುಪ್ಪ ಕೇಳಿದರೆ ‘ಇಲ್ಲ’ ಎನ್ನುತ್ತದೆ. ಪಕ್ಕದ ಕೋಣೆಯಲ್ಲಿ ಡಬ್ಬಿಗಟ್ಟಲೆ ಇದ್ದರೂ ‘ಇಲ್ಲ’ವೇ!

ಕೆಲವು ವರ್ಷಗಳ ಹಿಂದೆ ನಗರದ ಒಂದು ಹೋಟೆಲಿನಲ್ಲಿ ನಮ್ಮ ಅಡುಗೆಯ ಬಂಧುವೊಬ್ಬರಿಗೆ ಹೀಗೇ ಆಯಿತು. ಅವರು ಸೇರಿದ್ದು 1994ರಲ್ಲಿ. ಹೊಸ ಕಂಪ್ಯೂಟರಿನ ಲೆಕ್ಕ ಶುರುವಾದದ್ದು 2003ರಿಂದ. ನಡುವಿನ 9 ವರ್ಷ ‘ದಾಖಲೆಯಲ್ಲಿ ಇಲ್ಲ’ ಎಂದುಬಿಟ್ಟರು. ಅವರ ಕೊನೆಯ ಸಂಬಳ 26,000 ರೂಪಾಯಿ. ಆಗ ಜಾರಿಯಲ್ಲಿದ್ದ 1972ರ ಗ್ರಾಚ್ಯುಯಿಟಿ ಕಾಯಿದೆಯ ಪ್ರಕಾರ ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಬೇಕು. ವರ್ಷಕ್ಕೆ 15,000 ಆಯಿತು. 9 ವರ್ಷಕ್ಕೆ 1,35,000! ಮಗಳ ಮದುವೆಯ ಸಾಲ ಅಷ್ಟರಲ್ಲಿ ತೀರುತ್ತಿತ್ತು.

ನಾವು ಹೋಗಿ ಕುಳಿತೆವು. ಮೂಲೆಯಲ್ಲಿದ್ದ ಹಳೆಯ ಯಂತ್ರವನ್ನು ಹಚ್ಚಿಸಿದೆವು. ಗುಮಾಸ್ತ ಹುಡುಗ ಕಡತದ ಹೆಸರು ಒತ್ತಿದ. ‘ಫೈಲ್ ನಾಟ್ ಫೌಂಡ್’ ಎಂದಿತು. ಅವನಲ್ಲಿ ದುರುದ್ದೇಶವಿತ್ತೆಂದು ನಾವು ಹೇಳುವುದಿಲ್ಲ, ಡಾಸ್ ತಿಳಿಯದವನು. ಬರೀ ‘ಸಿಡಿ’ ಎಂದು ಒತ್ತಪ್ಪಾ ಎಂದೆವು. ಹಾಗೆ ಒತ್ತಿದರೆ ನಿಂತ ಜಾಗವನ್ನು ಅದು ಹೇಳುತ್ತದೆ: ‘ಸಿ:\ಪೇ\2002’. ಅಂದರೆ ಪೇ ಎಂಬ ಕೋಣೆಯೊಳಗಿನ 2002 ಎಂಬ ಕೋಣೆ. ‘ಸಿಡಿ’ಯ ಮುಂದೆ ಎರಡು ಚುಕ್ಕಿ ಒತ್ತಿಸಿದೆವು, ಒಂದು ಕೋಣೆ ಹೊರಕ್ಕೆ ಬಂತು. ‘ಡಿಐಆರ್’ ಒತ್ತಿದಾಗ ಪಟ್ಟಿ ಬಿತ್ತು: 1994, 1995, 1996... ಪ್ರತಿಯೊಂದರ ಪಕ್ಕದಲ್ಲೂ ಕೋಣೆಯೆಂಬ ಗುರುತು. ‘ಸಿಡಿ 1994’ ಎಂದರೆ ಒಳಗೆ ಹೋದೆವು. ತಿಂಗಳ ತಿಂಗಳ ಕಡತ! ಡಾಸ್‌ನಲ್ಲಿ ಹೆಸರಿಗೆ ಎಂಟೇ ಅಕ್ಷರ, ಹಾಗಾಗಿ ಇಂಗ್ಲಿಷಿನ ಸೆಪ್ಟೆಂಬರಿಗೆ ಬಾಲದ ಅಕ್ಷರ ಇರಲಿಲ್ಲ. ನಮ್ಮ ಬಂಧುವಿನ ಹೆಸರು ಮಾತ್ರ ಕಡತದೊಳಗೆ ಪೂರ್ತಿಯಾಗಿ ಇತ್ತು, ಸಂಬಳ 900 ರೂಪಾಯಿ ಸಮೇತ. ಅವರು ಪರದೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ಹಣ ಬರಲು ಮತ್ತೆ ಐದು ತಿಂಗಳು ಅಲೆದಾಟವಾಯಿತು, ಅದು ಬೇರೆ ಕಥೆ.

ದಾರಿ ತಪ್ಪಿದರೆ ಗಾಬರಿ ಬೇಡ. ‘ಸಿಡಿ’ಯ ಮುಂದೆ ಹಿಂದಕ್ಕೆ ವಾಲಿದ ಗೆರೆ ಒತ್ತಿದರೆ ಎಲ್ಲಿದ್ದರೂ ಹೆಬ್ಬಾಗಿಲಿಗೆ ಬಂದು ನಿಲ್ಲುತ್ತೇವೆ. 1991ರ ಐದನೆಯ ಡಾಸ್ ಅಥವಾ ಆಮೇಲಿನದಾದರೆ ಅಲ್ಲಿಂದ ‘ಡಿಐಆರ್’ ಜತೆಗೆ ಕಡತದ ಹೆಸರು, ಮುಂದಕ್ಕೆ ವಾಲಿದ ಗೆರೆ ಮತ್ತು ‘ಎಸ್’ ಒತ್ತಿರಿ. ಕೋಣೆ ಕೋಣೆಯನ್ನೂ ಅದೇ ಹುಡುಕಿ ಬರುತ್ತದೆ. ‘ಡಿಇಎಲ್’ ಎಂಬುದನ್ನು ಮಾತ್ರ ಯಾರಿಗೂ ಒತ್ತಲು ಬಿಡಬೇಡಿ. ಇಡೀ ಕೋಣೆ ಅಳಿಸುವಾಗ ‘ಖಂಡಿತವೇ?’ ಎಂದು ಕೇಳುತ್ತದೆ; ಒಂದೇ ಕಡತವಾದರೆ ಕೇಳುವುದೂ ಇಲ್ಲ.

ಬರುವ ಭಾನುವಾರ ಮಧ್ಯಾಹ್ನದ ಊಟದ ರಶ್ ಇಳಿದ ಮೇಲೆ, ಮೂರು ಗಂಟೆಗೆ, ಸಂಘದ ಕೋಣೆಯಲ್ಲಿ ಇಂಥ ಯಂತ್ರವೊಂದನ್ನು ಇಟ್ಟಿರುತ್ತೇವೆ. 2003ಕ್ಕೆ ಮುಂಚೆ ಕೆಲಸಕ್ಕೆ ಸೇರಿದವರು ಹಳೆಯ ಸಂಬಳದ ಚೀಟಿ ಒಂದಾದರೂ ಇದ್ದರೆ ತನ್ನಿ.