13 ವಾರದ ಗೇಣಿ

(ನಮ್ಮ ಊರಿನ ವಾರದ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ಹಿಂದಿನ ಕೂಟದಲ್ಲಿ ಬೀಡಿ ಕಟ್ಟುವ ಸೋದರಿಯೊಬ್ಬರು ಒಂದು ಪ್ರಶ್ನೆ ಕೇಳಿದ್ದರು. ಟಿ.ವಿ. ಧಾರಾವಾಹಿಯಲ್ಲಿ ನಿನ್ನೆಯವರೆಗೆ ಒಳ್ಳೆಯವಳಾಗಿದ್ದ ಅತ್ತೆ ಇಂದು ಏಕಾಏಕಿ ಹಾಲಿಗೆ ವಿಷ ಬೆರೆಸುತ್ತಾಳಲ್ಲ, ಬರೆಯುವವರಿಗೆ ಹಿಂದಿನದೆಲ್ಲ ಮರೆತುಹೋಗುತ್ತದೆಯೆ, ಎಂದು. ಕೂಟ ನಕ್ಕಿತು, ನಾವೂ ನಕ್ಕೆವು. ಮನೆಗೆ ಹೋದ ಮೇಲೆ ಆ ಪ್ರಶ್ನೆ ನಗುವಂಥದಲ್ಲವೆಂದು ತೋರಿತು. ಎಷ್ಟೋ ಸಲ ಅದು ಮರೆವಲ್ಲ. ನಿನ್ನೆ ಬರೆದವರು ಒಬ್ಬರು, ಇಂದು ಬರೆಯುವವರು ಇನ್ನೊಬ್ಬರು. ಈ ಕಸುಬು ಹುಟ್ಟಿ ಬೆಳೆದದ್ದು ಅಮೆರಿಕಾದಲ್ಲಿ. ಅಲ್ಲಿ ಅದಕ್ಕೆ 90 ವರ್ಷಕ್ಕೂ ಮೀರಿದ ಚರಿತ್ರೆಯಿದೆ. ಆ ಚರಿತ್ರೆಯಲ್ಲಿ ಕಾಲಕ್ಕೆ ಮುನ್ನವೇ ಕೈಬಿಡಲ್ಪಟ್ಟ ಬರಹಗಾರರ ವಿಷಯವನ್ನಷ್ಟೇ ಇಂದು ಎತ್ತಿಕೊಳ್ಳುತ್ತೇವೆ.

ಮೊದಲು ಹೆಸರಿನ ವಿಚಾರ. ಇಂಥ ಧಾರಾವಾಹಿಗೆ ಅಲ್ಲಿ 'ಸೋಪ್ ಆಪೆರಾ' ಎಂದು ಹೆಸರು. ಸಾಬೂನಿನ ನಾಟಕ ಎನ್ನೋಣ. 1930ರ ದಶಕದಲ್ಲಿ ಮಧ್ಯಾಹ್ನದ ಹೊತ್ತು ಮನೆಯಲ್ಲಿರುವ ಹೆಂಗಸರಿಗೆ ಸಾಬೂನು ಮಾರುವ ಸಲುವಾಗಿ ರೇಡಿಯೋದಲ್ಲಿ ಕಥೆ ಹೇಳಿಸಿದರು. ಹೇಳಿಸಿದವರಲ್ಲಿ ದೊಡ್ಡದು ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ. ನಮ್ಮ ಸಂತೆಯ ಅಂಗಡಿಗಳಲ್ಲಿ ಇಂದು ಮಾಲೆಯಂತೆ ತೂಗುಬಿದ್ದಿರುವ ಟೈಡ್, ಏರಿಯಲ್ ಪೊಟ್ಟಣಗಳು ಈ ಕಂಪನಿಯವೇ. ಕಥೆಯನ್ನು ಬರೆಸಿದವರು, ಅದರ ಒಡೆಯರು, ಬೇಡವಾದಾಗ ನಿಲ್ಲಿಸುವವರು ಎಲ್ಲರೂ ಸಾಬೂನಿನವರೇ. ಹೆಂಗಸರು ಅತ್ತಷ್ಟೂ ಸಾಬೂನು ಖರ್ಚಾಗುತ್ತಿತ್ತು.

ಈ ಬಗೆಯ ಕಥೆಗೆ ರೂಪ ಕೊಟ್ಟವಳು ಷಿಕಾಗೋದ ಅರ್ನಾ ಫಿಲಿಪ್ಸ್ ಎಂಬ ಹೆಂಗಸು. 1930ರಲ್ಲಿ ಅಲ್ಲಿಯ ಡಬ್ಲ್ಯು.ಜಿ.ಎನ್. ರೇಡಿಯೋ ಕೇಂದ್ರಕ್ಕೆ 'ಪೇಂಟೆಡ್ ಡ್ರೀಮ್ಸ್' ಎಂಬ ಧಾರಾವಾಹಿ ಬರೆದಳು. ಎರಡು ವರ್ಷ ಕಳೆಯುವಷ್ಟರಲ್ಲಿ ಕಥೆ ಯಾರದೆಂಬ ಜಗಳ ಬಂತು. ಕೇಂದ್ರದವರು ತಮ್ಮದೆಂದರು. ಆಕೆ ಹೊರಬಿದ್ದು ಕೋರ್ಟಿಗೆ ಹೋದಳು. ವರ್ಷಗಟ್ಟಲೆ ನಡೆದ ಮೊಕದ್ದಮೆಯಲ್ಲಿ ಸೋತಳು. ಸಂಬಳಕ್ಕೆ ಬರೆದ ಕಥೆ ಸಂಬಳ ಕೊಟ್ಟವನದೆಂದು ಆಗಲೇ ಇತ್ಯರ್ಥವಾಯಿತು. ಆ ಮೇಲೂ ಆಕೆ ಸೋಲಲಿಲ್ಲ. 1937ರಲ್ಲಿ ರೇಡಿಯೋದಲ್ಲಿ ಶುರುವಾದ ಆಕೆಯ 'ಗೈಡಿಂಗ್ ಲೈಟ್' 1952ರಲ್ಲಿ ಟಿ.ವಿ.ಗೆ ಬಂದು 2009ರವರೆಗೆ, ಅಂದರೆ 72 ವರ್ಷ ನಡೆಯಿತು. 1956ರಲ್ಲಿ 'ಆ್ಯಸ್ ದಿ ವರ್ಲ್ಡ್ ಟರ್ನ್ಸ್' ಕಟ್ಟಿದಳು. 1973ರಲ್ಲಿ ಅದೇ ಧಾರಾವಾಹಿಯಿಂದ ಕಂಪನಿ ಆಕೆಯನ್ನು ತೆಗೆದುಹಾಕಿತು. ಆ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡಳು.

ಇನ್ನು ಕೆಲಸ ನಡೆಯುವ ಬಗೆಯನ್ನು ತಿಳಿಯಬೇಕು. ಅನ್ಯಾಯ ಇರುವುದು ಅದರೊಳಗೇ. ಒಂದು ಗಂಟೆಯ ಧಾರಾವಾಹಿ, ವಾರಕ್ಕೆ 5 ದಿನ, ವರ್ಷಕ್ಕೆ ಸುಮಾರು 250 ಕಂತು. ಇಷ್ಟನ್ನು ಒಬ್ಬನೇ ಬರೆಯಲಾರ. ಮುಖ್ಯ ಬರಹಗಾರ ಮುಂದಿನ ಆರು ತಿಂಗಳೊ, ವರ್ಷವೊ ನಡೆಯಬೇಕಾದ ಕಥೆಯ ಹಾದಿ ಹಾಕುತ್ತಾನೆ. ಅವನ ಕೈಕೆಳಗೆ ಕೆಲವರು ಅದನ್ನು ದಿನದಿನಕ್ಕೆ, ದೃಶ್ಯದೃಶ್ಯಕ್ಕೆ ಹಂಚುತ್ತಾರೆ. ಇನ್ನು ಕೆಲವರು ಮಾತು ಬರೆಯುತ್ತಾರೆ. ಚಿತ್ರೀಕರಣ ಪ್ರಸಾರಕ್ಕಿಂತ ವಾರಗಟ್ಟಲೆ ಮುಂಚೆ ನಡೆದಿರುತ್ತದೆ. ಆದ್ದರಿಂದ ಹೊಸಬ ಬಂದು ಕೂತ ದಿನ ಪರದೆಯ ಮೇಲೆ ಓಡುವುದು ಹಳಬನ ಕಥೆ. ಹಳಬ ಅರ್ಧಕ್ಕೆ ಬಿಟ್ಟ ಮದುವೆ, ಕೊಲೆ, ಕೋರ್ಟು ವ್ಯಾಜ್ಯಗಳನ್ನೆಲ್ಲ ಮುಗಿಸಿ ತನ್ನ ಬೀಜ ಬಿತ್ತುವುದರೊಳಗೆ ತಿಂಗಳುಗಳು ಕಳೆದಿರುತ್ತವೆ. ಪೈರು ತಲೆಯೆತ್ತುವ ಮೊದಲೇ, ನೋಡುವವರ ಸಂಖ್ಯೆ ಇಳಿಯಿತೆಂದು ಲೆಕ್ಕದವರು ಪಟ್ಟಿ ಹಿಡಿದು ನಿಲ್ಲುತ್ತಾರೆ. ರೇಡಿಯೋ ಕಾಲದಿಂದಲೂ ಈ ಉದ್ಯಮದ ಪಂಚಾಂಗ 13 ವಾರದ್ದು. ಒಪ್ಪಂದದ ಕಾಗದದಲ್ಲಿ ವರ್ಷಗಳ ಮಾತಿದ್ದರೂ ಕೈಬಿಡುವ ಅಧಿಕಾರ ಆ ವಾರಗಳ ಕಂತಿನಲ್ಲಿ ಅಡಗಿರುತ್ತದೆ. ವರ್ಷವರ್ಷವೂ ಗೇಣಿದಾರನನ್ನು ಬದಲಿಸಿದ ಹೊಲಕ್ಕೆ ಯಾರು ತಾನೆ ಗೊಬ್ಬರ ಹೊತ್ತಾರು? ಮುಂದಿನ ಮಳೆಗೆ ತಾನಿರುವುದಿಲ್ಲವೆಂದು ಗೊತ್ತಿದ್ದವನು ಇದ್ದ ಸತ್ತ್ವವನ್ನು ಹೀರಿಕೊಳ್ಳಲು ನೋಡುತ್ತಾನೆ. ನಮ್ಮ ಸೋದರಿ ಕಂಡ ಅತ್ತೆಯ ವಿಷದ ಲೋಟ ಹೀಗೆಯೇ ಬರುತ್ತದೆ.

ಇದಕ್ಕೆ ನಮಗೆ ತಿಳಿದಿರುವ ಅತ್ಯಂತ ಸ್ಪಷ್ಟವಾದ ಉದಾಹರಣೆ 'ಆಲ್ ಮೈ ಚಿಲ್ಡ್ರನ್' ಧಾರಾವಾಹಿಯ ಲೊರೇನ್ ಬ್ರಾಡರಿಕ್. ಇದನ್ನು 1970ರಲ್ಲಿ ಎ.ಬಿ.ಸಿ. ಸಂಸ್ಥೆಗಾಗಿ ಕಟ್ಟಿದವಳು ಅರ್ನಾ ಫಿಲಿಪ್ಸ್‌ಳ ಶಿಷ್ಯೆ ಆಗ್ನೆಸ್ ನಿಕ್ಸನ್. ಈ ನಿಕ್ಸನ್ ಸಾಮಾನ್ಯಳಲ್ಲ. 1962ರಲ್ಲಿ, 'ಗೈಡಿಂಗ್ ಲೈಟ್'ನಲ್ಲಿ, ಗರ್ಭಕೋಶದ ಕ್ಯಾನ್ಸರನ್ನು ಮೊದಲೇ ಪತ್ತೆ ಹಚ್ಚುವ ಪರೀಕ್ಷೆಯ ವಿಷಯವನ್ನು ಕಥೆಯೊಳಗೆ ತಂದಳು. ಕ್ಯಾನ್ಸರ್ ಎಂಬ ಶಬ್ದವನ್ನಾಗಲಿ ಗರ್ಭಕೋಶ ಎಂಬ ಶಬ್ದವನ್ನಾಗಲಿ ಆಡಕೂಡದೆಂದು ಅಪ್ಪಣೆಯಾಯಿತು. ಎರಡನ್ನೂ ಆಡದೆಯೇ ಕಥೆ ಹೇಳಿದಳು. ಸಾಬೂನು ಮಾರಲು ಕೊಟ್ಟ ವೇಳೆಯಲ್ಲಿ ಹೆಂಗಸರ ಪ್ರಾಣ ಉಳಿಸುವ ಮಾತು ಆಡಿದಳು. 'ಆಲ್ ಮೈ ಚಿಲ್ಡ್ರನ್'ನಲ್ಲಿ ವಿಯೆಟ್ನಾಮ್ ಯುದ್ಧದ ವಿರೋಧ ಬಂತು. 1973ರಲ್ಲಿ ಗರ್ಭಪಾತದ ಕಥೆ ಬಂತು.

ಬ್ರಾಡರಿಕ್ ಇದೇ ಮನೆಯಲ್ಲಿ, ನಿಕ್ಸನ್ನಳ ಕೈಕೆಳಗೆ ಬರೆದು ಪಳಗಿದವಳು. 1995ರ ಕೊನೆಗೆ ಮುಖ್ಯ ಬರಹಗಾರ್ತಿಯಾಗಿ ಬಂದಳು. ಆ ದಿನಗಳಲ್ಲಿ ಧಾರಾವಾಹಿಯ ಪ್ರೌಢಶಾಲೆಯಲ್ಲಿ ಚರಿತ್ರೆ ಕಲಿಸುವ ಮೇಷ್ಟ್ರೊಬ್ಬ ತಾನು ಸಲಿಂಗಪ್ರೇಮಿ ಎಂದು ಮರೆಮಾಚದೆ ಹೇಳಿ, ಊರನ್ನು ಎದುರಿಸುವ ಕಥೆ ನಡೆಯಿತು. ಟಿ.ವಿ. ಜಗತ್ತಿನ ಎಮ್ಮಿ ಪ್ರಶಸ್ತಿಯಲ್ಲಿ ಹಗಲಿನ ಧಾರಾವಾಹಿಗಳ ಬರವಣಿಗೆಯ ಬಹುಮಾನ 1996, 1997, 1998, ಮೂರೂ ವರ್ಷ ಈ ತಂಡಕ್ಕೇ ಬಂತು. ಆದರೆ ಮೂರನೆಯದು ಬರುವ ಹೊತ್ತಿಗೆ ಆಕೆ ಆ ಕುರ್ಚಿಯಲ್ಲಿರಲಿಲ್ಲ. 1997 ಮುಗಿಯುವಷ್ಟರಲ್ಲಿ ಬೇರೆಯವರನ್ನು ಕೂರಿಸಿಯಾಗಿತ್ತು. ಎರಡು ವರ್ಷ! 41 ವರ್ಷ ನಡೆದು, 10,000ಕ್ಕೂ ಹೆಚ್ಚು ಕಂತು ಕಂಡ ಕಥೆಯಲ್ಲಿ ಎರಡು ವರ್ಷವೆಂದರೆ ಕಣಕ್ಕೆ ಸಗಣಿ ಸಾರಿಸುವಷ್ಟು ಹೊತ್ತು.

ಇಂಥದೇ ಇನ್ನೊಂದು. ಕ್ಲೇರ್ ಲಬೀನ್ ಎಂಬಾಕೆ ಪಾಲ್ ಅವಿಲಾ ಮೇಯರ್ ಜೊತೆ ಸೇರಿ 1975ರಲ್ಲಿ 'ರಯನ್ಸ್ ಹೋಪ್' ಕಟ್ಟಿದಳು. ನ್ಯೂಯಾರ್ಕಿನಲ್ಲಿ ಹೆಂಡದಂಗಡಿ ಇಟ್ಟುಕೊಂಡ ಐರಿಷ್ ಸಂಸಾರವೊಂದರ ಕಥೆ. ಬೆವರಿನ ವಾಸನೆಯಿದ್ದ ಜನ. ಒಡೆತನ ಮೊದಲು ಕಟ್ಟಿದವರದೇ ಆಗಿತ್ತು. 1979ರಲ್ಲಿ ಅದನ್ನು ಎ.ಬಿ.ಸಿ.ಗೆ ಮಾರಿದರು. ಆ ಮೇಲೆ ಅವರನ್ನು ತೆಗೆದರು, ಕರೆದರು, ಮತ್ತೆ ತೆಗೆದರು. 1987ರಲ್ಲಿ ಲಬೀನ್‌ಳನ್ನು ಪುನಃ ಕರೆಸಿದಾಗ ನೋಡುವವರು ಚದುರಿಹೋಗಿದ್ದರು. 1989ರ ಜನವರಿಯಲ್ಲಿ ಧಾರಾವಾಹಿ ಮುಗಿಯಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಲು ಆಕೆಯನ್ನು ಕರೆದದ್ದು.

ಇದಕ್ಕೆ ವಿರುದ್ಧವಾದ ಸಾಕ್ಷಿಯನ್ನೂ ನೋಡಬೇಕು. 1973ರಲ್ಲಿ 'ದಿ ಯಂಗ್ ಅಂಡ್ ದಿ ರೆಸ್ಟ್‌ಲೆಸ್' ಶುರುಮಾಡಿದ ವಿಲಿಯಂ ಬೆಲ್ 1998ರವರೆಗೆ 25 ವರ್ಷ ಅದರ ಮುಖ್ಯ ಬರಹಗಾರನಾಗಿದ್ದ. ಹಗಲಿನ ಧಾರಾವಾಹಿಗಳಲ್ಲಿ ಅದು ಬಹುಕಾಲ ಮೊದಲ ಸ್ಥಾನದಲ್ಲಿ ಉಳಿಯಿತು. ಬೆಲ್ ಪ್ರತಿಭಾವಂತನೇ, ಸಂದೇಹವಿಲ್ಲ. ಆದರೆ ಅವನ ಸಂಸಾರಕ್ಕೆ ಆ ಧಾರಾವಾಹಿಯಲ್ಲಿ ಒಡೆತನದ ಪಾಲಿತ್ತೆಂಬುದನ್ನು ಹೊಗಳುವವರು ಹೇಳುವುದಿಲ್ಲ. ಪಾಲುಗಾರನನ್ನು 13 ವಾರಕ್ಕೆ ಹೊರಹಾಕಲು ಬರುವುದಿಲ್ಲ.

ಡಗ್ಲಸ್ ಮಾರ್ಲೆಂಡ್ ಎಂಬವನ ವಿಷಯ ಬೇರೆ. ಅವನಿಗೆ ಪಾಲಿರಲಿಲ್ಲ, ಹಟವಿತ್ತು. 1982ರಲ್ಲಿ 'ಗೈಡಿಂಗ್ ಲೈಟ್' ಬರೆಯುತ್ತಿದ್ದಾಗ ತನ್ನ ಕಥೆಯ ನಡುವಿನಲ್ಲಿದ್ದ ನಟಿಯೊಬ್ಬಳನ್ನು ನಿರ್ಮಾಪಕರು ಕೆಲಸದಿಂದ ತೆಗೆದರೆಂದು ತಾನೂ ರಾಜೀನಾಮೆ ಬಿಸಾಡಿ ಬಂದ. ಜೊತೆ ಕೆಲಸಗಾರಳಿಗಾಗಿ ಅನ್ನ ಬಿಟ್ಟವನು, ಅದಕ್ಕಾಗಿ ಅವನ ಹೆಸರನ್ನು ಈ ಕೂಟದಲ್ಲಿ ಗೌರವದಿಂದ ಹೇಳುತ್ತೇವೆ. 1985ರಿಂದ 1993ರಲ್ಲಿ ಸಾಯುವವರೆಗೆ 'ಆ್ಯಸ್ ದಿ ವರ್ಲ್ಡ್ ಟರ್ನ್ಸ್' ಬರೆದ. ಹೊಸದಾಗಿ ಬರುವ ಬರಹಗಾರರಿಗೆ ಅವನು ಹೇಳಿದ ಬುದ್ಧಿಮಾತುಗಳಿವೆ: ಮೊದಲು ಧಾರಾವಾಹಿಯನ್ನು ನೋಡು, ಅದರ ಹಿಂದಿನ ಚರಿತ್ರೆ ಕಲಿ, ಜನ ಬರೆದ ಕಾಗದ ಓದು, ಮೂಲ ಪಾತ್ರಗಳ ಗುಣ ಕೆಡಿಸಬೇಡ, ಆರು ತಿಂಗಳು ಯಾರನ್ನೂ ಕೆಲಸದಿಂದ ತೆಗೆಯಬೇಡ. ಬರಹಗಾರ ನಟರಿಗೆ ಕೊಡಬೇಕೆಂದ ಆ ಆರು ತಿಂಗಳು, ಒಡೆಯರು ಬರಹಗಾರನಿಗೆ ಕೊಡುವುದು ಕಷ್ಟ. ಅವನು ಸತ್ತ ಮೇಲೆ 2000ದವರೆಗೆ ಆ ಕುರ್ಚಿಯಲ್ಲಿ ಒಬ್ಬರಾದ ಮೇಲೊಬ್ಬರು ಕೂತೆದ್ದರು. 2010ರಲ್ಲಿ ಧಾರಾವಾಹಿಯೇ ಮುಗಿಯಿತು.

ಈ ಭಾಷಣದ ಕರಡನ್ನು ಓದಿದ ತರುಣ ಮಿತ್ರನೊಬ್ಬ ಕೇಳಿದ: ಅವರೆಲ್ಲ ಕೈತುಂಬ ಸಂಬಳ ಎಣಿಸಿದವರು, ಕೂಲಿಯವರ ಪಕ್ಷಕ್ಕೆ ಅವರ ಗೋಳೇಕೆ? ನ್ಯಾಯವಾದ ಪ್ರಶ್ನೆ. ಅವರ ಹೊಟ್ಟೆಗಾಗಿ ನಾವು ಅಳುತ್ತಿಲ್ಲ. ಅಲ್ಲಿ ಬರಹಗಾರರ ಸಂಘವಿದೆ, ಗಟ್ಟಿಯಾದದ್ದು. 1988ರಲ್ಲಿ ಐದು ತಿಂಗಳು ಮುಷ್ಕರ ಹೂಡಿತು. 2007ರ ನವೆಂಬರ್ 5ರಿಂದ 2008ರ ಫೆಬ್ರುವರಿ 12ರವರೆಗೆ ಮತ್ತೆ ಹೂಡಿತು. ಕನಿಷ್ಠ ಕೂಲಿ, ಪಿಂಚಣಿ, ಔಷಧೋಪಚಾರ, ತೆರೆಯ ಮೇಲೆ ಹೆಸರು, ಇವನ್ನೆಲ್ಲ ಸಂಘ ಗೆದ್ದುಕೊಟ್ಟಿದೆ. ಆದರೆ ಸಂಬಳಕ್ಕೆ ಕಟ್ಟಿದ ಕಥೆಯ ಒಡೆತನ ಒಡೆಯನ ಬಳಿಯೇ ಉಳಿಯಿತು. ಮುಷ್ಕರದ ದಿನಗಳಲ್ಲೂ ಧಾರಾವಾಹಿಗಳು ನಿಲ್ಲಲಿಲ್ಲ. ಬೇರೆ ಕೈಗಳಿಂದ ಬರೆಸಿದರು. ಹತ್ತು ವರ್ಷ ಸಾಕಿದ ಪಾತ್ರವನ್ನು ಬೇರೊಬ್ಬ ಕೊಂದರೆ ತಡೆಯುವ ಹಕ್ಕು ಸಾಕಿದವನಿಗಿಲ್ಲ.

ತೆಗೆಯಬೇಕಾದ ಬರಹಗಾರರೇ ಇರಲಿಲ್ಲವೆ ಎಂದರೆ, ಇದ್ದರು, ಧಾರಾಳವಾಗಿ ಇದ್ದರು. ಬೇಗ ಹೋಗಬೇಕಾಗಿದ್ದ ಕೆಲವರು ತೀರ ತಡವಾಗಿ ಹೋದರು. ಆದರೆ ಕೆಟ್ಟವನನ್ನೂ ಒಳ್ಳೆಯವಳನ್ನೂ ಅಳೆಯಲು ಒಂದೇ ಕೊಳಗ, ಅದೂ ಕೊಯಿಲಿಗೆ ಮುಂಚೆಯೇ ಅಳೆಯುವುದಾದರೆ, ಅಳತೆ ಎಲ್ಲಿ ಬಂತು?

ಬ್ರಾಡರಿಕ್‌ಳ ಕಥೆ ಅಷ್ಟಕ್ಕೇ ಮುಗಿಯಲಿಲ್ಲ. 2011ರ ಆರಂಭದಲ್ಲಿ 'ಆಲ್ ಮೈ ಚಿಲ್ಡ್ರನ್' ಕುಸಿಯುತ್ತಿದ್ದಾಗ ಆಕೆಯನ್ನೇ ಪುನಃ ಮುಖ್ಯ ಬರಹಗಾರ್ತಿಯಾಗಿ ಕರೆಸಿದರು. ಬಂದಳು. ಏಪ್ರಿಲ್ 14ರಂದು ಎ.ಬಿ.ಸಿ. ಧಾರಾವಾಹಿಯನ್ನೇ ನಿಲ್ಲಿಸುವುದಾಗಿ ಸಾರಿತು. ಆ ವೇಳೆಗೆ ಅಡಿಗೆಯ ಹರಟೆ ಕಾರ್ಯಕ್ರಮ ಹಾಕುವರಂತೆ. ವೃದ್ಧೆ ನಿಕ್ಸನ್ ಕೂಡ ಕೈಜೋಡಿಸಿದಳು. ಸೆಪ್ಟೆಂಬರ್ 23ರಂದು ಕೊನೆಯ ಕಂತು ಬಂತು. ದೊಡ್ಡ ಮನೆಯಲ್ಲಿ ಎಲ್ಲರೂ ನೆರೆದಿದ್ದಾರೆ, ಮರೆಯಲ್ಲಿ ಒಬ್ಬ ಪಿಸ್ತೂಲು ಹಿಡಿದು ನಿಂತಿದ್ದಾನೆ. ಗುಂಡು ಹಾರುತ್ತದೆ, ಪರದೆ ಕಪ್ಪಾಗುತ್ತದೆ. 2013ರಲ್ಲಿ ಇನ್ನೊಂದು ಕಂಪನಿ ಇಂಟರ್‌ನೆಟ್ಟಿನಲ್ಲಿ ಕೆಲವು ತಿಂಗಳು ಆ ಕಥೆಯನ್ನು ಮುಂದುವರಿಸಿತು. ಗುಂಡು ಯಾರಿಗೆ ತಗುಲಿತೆಂದು ಬರೆಯಲು ಬೇರೆಯವರನ್ನು ನೇಮಿಸಿದ್ದರು.