ಅರ್ಹತೆ ಬೇರೆ, ಸೀಟು ಬೇರೆ
(ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣದ ಸಾರ)



ನೀಟ್ ಫಲಿತಾಂಶದ ದಿನ ನಮ್ಮ ಮನೆಗಳಲ್ಲಿ ಸಿಹಿ ಹಂಚಲಾಗುತ್ತದೆ. ಎರಡು ತಿಂಗಳು ಕಳೆಯುವಷ್ಟರಲ್ಲಿ ಅದೇ ಮನೆಗಳಲ್ಲಿ ಮೌನ ಆವರಿಸುತ್ತದೆ. ಕಾರಣವೇನು? ‘ಅರ್ಹತೆ’ ಎಂಬುದನ್ನು ನಾವು ‘ಸೀಟು’ ಎಂದು ಓದಿಕೊಂಡಿರುತ್ತೇವೆ. 2024ರಲ್ಲಿ ಪರೀಕ್ಷೆ ಬರೆದವರು 23 ಲಕ್ಷಕ್ಕೂ ಅಧಿಕ. ಅರ್ಹರಾದವರು ಸುಮಾರು 13 ಲಕ್ಷ. ಆ ವರ್ಷ ದೇಶದಲ್ಲಿದ್ದ ಎಂಬಿಬಿಎಸ್ ಸೀಟುಗಳಾದರೋ ಒಂದು ಲಕ್ಷಕ್ಕಿಂತ ತುಸು ಹೆಚ್ಚು. ಅವುಗಳಲ್ಲಿ ಸರಕಾರಿ ಕಾಲೇಜುಗಳ ಪಾಲು ಸುಮಾರು ಅರ್ಧ.

ಕೇವಲ ಅಂಕವನ್ನು ನಂಬಿ ಲೆಕ್ಕ ಹಾಕುವುದೂ ಸರಿಯಲ್ಲ. 2024ರ ಪರಿಷ್ಕೃತ ಫಲಿತಾಂಶದಲ್ಲಿ 17 ಮಂದಿಗೆ 720ಕ್ಕೆ 720 ಅಂಕ ಬಂದಿತ್ತು. 2025ರಲ್ಲಿ ಪ್ರಥಮ ಸ್ಥಾನಕ್ಕೇ ದೊರೆತದ್ದು 686. ಆದುದರಿಂದ ರ‍್ಯಾಂಕನ್ನೇ ಅಳತೆಗೋಲಾಗಿಸಬೇಕು. ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಪ್ರಕಟಿಸಿದ ಹಿಂದಿನ ಎರಡು ಮೂರು ವರ್ಷಗಳ ಕಟ್‌ಆಫ್ ರ‍್ಯಾಂಕ್‌ಗಳನ್ನು ಕಾಲೇಜು, ಪ್ರವರ್ಗ ಮತ್ತು ಸುತ್ತುಗಳ ಪ್ರಕಾರ ಪರಿಶೀಲಿಸೋಣ. ಮಗುವಿನ ರ‍್ಯಾಂಕ್ ಪ್ರತಿ ವರ್ಷವೂ ಅದರೊಳಗಿದ್ದರೆ ಭರವಸೆಯಿಡಬಹುದು. ಅಂಚಿನಲ್ಲಿದ್ದರೆ ಕೊನೆಯ ಸುತ್ತಿನವರೆಗೂ ತಾಳ್ಮೆ ಬೇಕು. ಬಹುದೂರವಿದ್ದರೆ ಬೇರೆ ಕೋರ್ಸಿಗೆ ಈಗಲೇ ಸಿದ್ಧರಾಗಬೇಕು; ಸಾಲ ಮಾಡಿ ದಲ್ಲಾಳಿಯ ಮಾತಿಗೆ ಮರುಳಾಗಬಾರದು.

ದಾಖಲೆಗಳ ವಿಷಯದಲ್ಲಿ ಅಸಡ್ಡೆ ಸಲ್ಲದು. 2ಬಿ ಪ್ರಮಾಣಪತ್ರವು ರಾಜ್ಯದ ಸೀಟುಗಳಿಗೆ ಮಾತ್ರ. ಅಖಿಲ ಭಾರತ ಕೋಟಾದಲ್ಲಿ ಮೀಸಲಾತಿ ಬೇಕಿದ್ದರೆ ಕೇಂದ್ರದ ಒಬಿಸಿ ಪ್ರಮಾಣಪತ್ರವನ್ನು ಪ್ರತ್ಯೇಕವಾಗಿ ಪಡೆಯಬೇಕು. ಒಂದು ಕಾಗದದ ಕೊರತೆಯಿಂದ ವರ್ಷಗಳ ಶ್ರಮ ವ್ಯರ್ಥವಾಗದಿರಲಿ.

ಈ ಲೆಕ್ಕಾಚಾರ ಮಕ್ಕಳನ್ನು ಹೆದರಿಸಲಿಕ್ಕಲ್ಲ, ದಾರಿ ತೋರಿಸಲಿಕ್ಕೆ. ವೈದ್ಯಕೀಯ ಸೀಟು ಕೈತಪ್ಪಿದ ಮಾತ್ರಕ್ಕೆ ಮಗಳ ಓದೇ ಮುಗಿಯಿತೆಂದು ತೀರ್ಮಾನಿಸುವ ಹಕ್ಕು ನಮಗಾರಿಗೂ ಇಲ್ಲ.