ಹತ್ತಿಸೋದು ಇಂಜಿನ್, ನಿಲ್ಲಿಸೋದು ಟೈರ್

ಹಿಮ ಬಿತ್ತು ಅನ್ನೋ ಸುದ್ದಿ ಬಂದರೆ ಸಾಕು, ಮನಾಲಿಯ ಕಡೆ ಗಾಡಿಗಳ ಸಾಲು. ಅದರಲ್ಲಿ ಕೆಎ ನಂಬರ್ ಪ್ಲೇಟುಗಳೂ ಇರುತ್ತವೆ. 2020ರ ಅಕ್ಟೋಬರ್ 3ರಂದು ಅಟಲ್ ಸುರಂಗ ಉದ್ಘಾಟನೆಯಾದ ಮೇಲೆ ಚಳಿಗಾಲದಲ್ಲೂ ಲಾಹೌಲ್ ಹತ್ತಿರವಾಯ್ತು. ಸುರಂಗದ ಒಳಗೆ 9 ಕಿಲೋಮೀಟರ್ ಮೇಲೆ ಹಿಮ ಬೀಳೋದಿಲ್ಲ. ಆದರೆ ಅದರ ಎರಡೂ ಬಾಯಿಗಳು ಇರೋದು 3,000 ಮೀಟರಿಗಿಂತ ಎತ್ತರದಲ್ಲಿ. ಹೊರಗೆ ಬಂದ ತಕ್ಷಣ ಚಕ್ರದ ಕೆಳಗೆ ಏನಿದೆ ಅನ್ನೋದೇ ಪ್ರಶ್ನೆ.

ಚೈನ್ ತಗೊಂಡಿದ್ದೀರಾ ಅಂತ ಕೇಳಿ ನೋಡಿ. "ನಮ್ಮದು ಆಲ್ ವೀಲ್ ಡ್ರೈವ್ ಸಾರ್, ಚೈನ್ ಯಾಕೆ?" ಅನ್ನೋ ಉತ್ತರ ಬರುತ್ತೆ. ಸಕಲೇಶಪುರದ ಕೆಸರಲ್ಲಿ ಗಾಡಿ ಹತ್ತಿಸಿದವರ ಧೈರ್ಯ ಅದು. ಧೈರ್ಯದ ಬಗ್ಗೆ ನನಗೆ ತಕರಾರಿಲ್ಲ. ನಾನು ಇಂಜಿನಿಯರಿಂಗ್ ಓದಿದವನು, ನನ್ನ ತಕರಾರು ಲೆಕ್ಕದ್ದು.

ಆಲ್ ವೀಲ್ ಡ್ರೈವ್ ಮಾಡೋದು ಒಂದೇ ಕೆಲಸ: ಇಂಜಿನ್ನಿನ ಶಕ್ತಿಯನ್ನು ನಾಲ್ಕೂ ಚಕ್ರಗಳಿಗೆ ಹಂಚೋದು. ಹೊರಡೋಕೆ, ಏರು ಹತ್ತೋಕೆ ಅದು ನಿಜಕ್ಕೂ ಸಹಾಯ. ಆದರೆ ಬ್ರೇಕ್? ಸಣ್ಣ ಹ್ಯಾಚ್‌ಬ್ಯಾಕಿನಲ್ಲೂ ಬ್ರೇಕ್ ನಾಲ್ಕೂ ಚಕ್ರಕ್ಕೇ ಇರೋದು. ಅಲ್ಲಿ ನಿಮ್ಮ ದುಬಾರಿ ಗಾಡಿಗೆ ವಿಶೇಷ ಅನುಕೂಲ ಏನೂ ಇಲ್ಲ.

ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿದ್ದೀರಿ ಅಂದ್ಕೊಳ್ಳಿ. ಒಣ ಡಾಂಬರಿನಲ್ಲಿ ಬ್ರೇಕ್ ಒತ್ತಿದರೆ ಸುಮಾರು 9 ಮೀಟರಿನಲ್ಲಿ ನಿಲ್ಲುತ್ತೀರಿ. ಗಟ್ಟಿಯಾದ ಹಿಮದ ಮೇಲೆ 30 ಮೀಟರ್ ಬೇಕು. ಮಂಜುಗಡ್ಡೆಯ ಮೇಲೆ 60 ಮೀಟರ್ ದಾಟುತ್ತೆ. ಇದು ಸಮತಟ್ಟಾದ ರಸ್ತೆಯ ಲೆಕ್ಕ. 10 ಮೀಟರಿಗೆ 1 ಮೀಟರ್ ಇಳಿಯೋ ಇಳಿಜಾರಿನಲ್ಲಿ ಅದೇ ಮಂಜುಗಡ್ಡೆ ಇದ್ದರೆ ಗಾಡಿ ನಿಲ್ಲೋದೇ ಇಲ್ಲ. ಪಕ್ಕದಲ್ಲಿ ಕಣಿವೆ, ಹಿಂದಿನ ಸೀಟಿನಲ್ಲಿ ಮಕ್ಕಳು. ನಾಲ್ಕು ಚಕ್ರದ ಶಕ್ತಿ ನಿಮ್ಮನ್ನು ಮೇಲೆ ಹತ್ತಿಸಿತ್ತಲ್ಲ, ಅದೇ ಶಕ್ತಿ ಈಗ ಕೈ ಹಿಡಿಯೋದಿಲ್ಲ. ಹಿಮವನ್ನು ಕಚ್ಚಿ ಹಿಡಿಯೋದು ಚೈನ್.

ಬೇ ಏರಿಯಾದ ನಮ್ಮ ಕನ್ನಡಿಗರನ್ನು ಕೇಳಿ. ಲೇಕ್ ಟಾಹೋ ಕಡೆ ಹೋಗೋವಾಗ ಕ್ಯಾಲಿಫೋರ್ನಿಯಾದ ನಿಯಮ ಅವರಿಗೆ ಗೊತ್ತಿರುತ್ತೆ. ಆರ್-2 ಹಂತದಲ್ಲಿ ನಾಲ್ಕೂ ಚಕ್ರಕ್ಕೆ ಸ್ನೋ ಟೈರ್ ಇರುವ ಆಲ್ ವೀಲ್ ಡ್ರೈವ್‌ಗೆ ವಿನಾಯಿತಿ ಉಂಟು. ಆದರೆ ಚೈನ್ ಗಾಡಿಯಲ್ಲಿ ಇರಲೇಬೇಕು. ಆರ್-3 ಬಂತೋ, ಯಾರಿಗೂ ವಿನಾಯಿತಿ ಇಲ್ಲ.

ಚೈನ್ ಯಾವ ಚಕ್ರಕ್ಕೆ? ನಾಲ್ಕಕ್ಕೂ ಹಾಕಿದರೆ ಉತ್ತಮ. ಮುಂದಿನ ಎರಡಕ್ಕೆ ಮಾತ್ರ ಹಾಕಿ ಇಳಿದರೆ ಹಿಂಭಾಗ ಜಾರಿ ಗಾಡಿ ತಿರುಗಬಹುದು. ಹಿಂದಕ್ಕೆ ಮಾತ್ರ ಹಾಕಿದರೆ ಸ್ಟೀರಿಂಗ್ ಮಾತು ಕೇಳದೇ ಇರಬಹುದು. ಆದರೆ ಕೆಲವು ಗಾಡಿಗಳ ಚಕ್ರದ ಗೂಡಿನಲ್ಲಿ ಜಾಗವೇ ಇರೋದಿಲ್ಲ, ಚೈನ್ ತಗುಲಿ ಬ್ರೇಕ್ ಪೈಪ್ ಹರಿಯಬಹುದು. ಹಾಗಾಗಿ ಗಾಡಿಯ ಕೈಪಿಡಿ ಹೇಳಿದ್ದೇ ಕೊನೆಯ ಮಾತು.

ಮನೆ ಮುಂದೆಯೇ ಒಂದು ಸಲ ಹಾಕಿ ಕಲಿಯಿರಿ. ಇಳಿಜಾರು ಶುರುವಾಗೋ ಮೊದಲೇ, ಸಮತಟ್ಟಾದ ಜಾಗದಲ್ಲಿ ಹಾಕಿ. ಸ್ವಲ್ಪ ದೂರ ಹೋಗಿ ನಿಲ್ಲಿಸಿ, ಮತ್ತೆ ಬಿಗಿ ಮಾಡಿ. ನಿಧಾನವಾಗಿ ಓಡಿಸಿ, ಒಣ ರಸ್ತೆ ಸಿಕ್ಕ ತಕ್ಷಣ ಬಿಚ್ಚಿ. ಇಷ್ಟೆಲ್ಲ ರಗಳೆ ಬೇಡ ಅನ್ಸಿದರೆ ಗಾಡಿಯನ್ನು ಕೆಳಗೇ ನಿಲ್ಲಿಸಿ, ಆ ರಸ್ತೆ ಗೊತ್ತಿರೋ ಸ್ಥಳೀಯ ಚಾಲಕರ ಜೊತೆ ಹೋಗಿ. ಅದು ಅವಮಾನ ಅಲ್ಲ, ಬುದ್ಧಿವಂತಿಕೆ.

ಮೇಲೆ ಹತ್ತಿದ ಫೋಟೋ ಎಲ್ಲರೂ ಹಾಕ್ತಾರೆ ವೀಕ್ಷಕರೇ. ಮನೆಯವರು ಕಾಯೋದು ಮಾತ್ರ ಕೆಳಗೆ ಇಳಿದೆವು ಅನ್ನೋ ಫೋನಿಗೆ.